ಕೆಂಚಮ್ಮನ ಲೆಕ್ಕ: ‘ಕಾಂತಾಪುರ’ದಲ್ಲಿ ನಂಬಿಕೆ, ಸಂಶಯ ಮತ್ತು ನೈತಿಕತೆ

೧

ಕನ್ನಡದಲ್ಲಿ ದೈವನಂಬಿಕೆ ಮತ್ತು ಸಂಶಯಗಳ ಚರ್ಚೆ ನಡೆದಾಗ ಕೆಲವು ಕೃತಿಗಳ ಹೆಸರು ತಾವಾಗಿಯೇ ಮುಂದೆ ಬರುತ್ತವೆ. ಯು.ಆರ್. ಅನಂತಮೂರ್ತಿಯವರ ‘ಭಾರತೀಪುರ’ (೧೯೭೩) ಅವುಗಳಲ್ಲೊಂದು, ಎ.ಎನ್. ಮೂರ್ತಿರಾಯರ ‘ದೇವರು’ (೧೯೯೧) ಮತ್ತೊಂದು. ಈ ಸಾಲಿಗೆ ರಾಜಾರಾವ್ ಅವರ ‘ಕಾಂತಾಪುರ’ (೧೯೩೮) ಕಾದಂಬರಿಯನ್ನು ಸೇರಿಸುವುದು ಅಪರೂಪ. ಅದು ಇಂಗ್ಲಿಷಿನಲ್ಲಿ ರಚಿತವಾದುದು ಇದಕ್ಕೆ ಒಂದು ಕಾರಣ. ಅದನ್ನು ಗಾಂಧಿಯುಗದ ಸ್ಥಳಪುರಾಣವೆಂದು, ಗ್ರಾಮೀಣ ಭಕ್ತಿಯ ಕಥನವೆಂದು ಓದುವ ಅಭ್ಯಾಸ ಬೇರೂರಿರುವುದು ಇನ್ನೊಂದು ಕಾರಣ. ಸ್ಥಳಪುರಾಣದ ಮಾತನ್ನು ಲೇಖಕರೇ ತಮ್ಮ ಮುನ್ನುಡಿಯಲ್ಲಿ ಎತ್ತಿರುವುದರಿಂದ ಈ ಓದಿಗೆ ಅಧಿಕೃತತೆಯೂ ದೊರೆತಿದೆ.

ರಾಜಾರಾವ್ ಹುಟ್ಟಿದ್ದು ೧೯೦೮ರಲ್ಲಿ, ಹಾಸನದಲ್ಲಿ. ಅವರು ೨೦೦೬ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ನಿಧನರಾದರು. ನಡುವಿನ ಬಹುಕಾಲ ಫ್ರಾನ್ಸ್ ಮತ್ತು ಅಮೆರಿಕಗಳಲ್ಲಿ ಕಳೆದರೂ ಅವರ ಮೊದಲ ಕಾದಂಬರಿಯ ಭೂಗೋಳ ಹಾಸನ ಜಿಲ್ಲೆಯ ಪಶ್ಚಿಮದ ಗುಡ್ಡಸಾಲುಗಳನ್ನು ಬಿಟ್ಟು ಕದಲುವುದಿಲ್ಲ. ಅಲ್ಲಿಯ ‘ಹಿಮವತಿ’ ನಮ್ಮ ಹೇಮಾವತಿಯ ನೆರಳು. ಮೂಡಿಗೆರೆಯ ಕಡೆಯಿಂದ ಇಳಿದು ಸಕಲೇಶಪುರದ ಸಕಲೇಶ್ವರ ದೇವಾಲಯದ ಮಗ್ಗುಲಲ್ಲಿ ಹರಿದು ಗೊರೂರಿನತ್ತ ಸಾಗುವ ನದಿ ಅದು. ಕಾದಂಬರಿಯ ಸ್ಕೆಫಿಂಗ್ಟನ್ ಕಾಫಿ ತೋಟಕ್ಕೂ ಇಲ್ಲಿ ಇತಿಹಾಸವಿದೆ. ಹಿಂದೆ ಮಂಜರಾಬಾದ್ ಎಂದು ಕರೆಯಲಾಗುತ್ತಿದ್ದ ಸಕಲೇಶಪುರ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಆಂಗ್ಲ ತೋಟಗಾರರು ನೆಲೆಯೂರಿದ್ದರು. ಅವರಲ್ಲೊಬ್ಬನಾದ ರಾಬರ್ಟ್ ಎಲಿಯಟ್ ಮೈಸೂರಿನ ಕಾಫಿ ಕೃಷಿಯನ್ನು ಕುರಿತು ೧೮೯೪ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಇವೆಲ್ಲಕ್ಕಿಂತ ಮುಖ್ಯವಾದುದು ಗ್ರಾಮದೇವತೆಯ ಹೆಸರು. ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯಲ್ಲಿ ಇಂದಿಗೂ ಪೂಜೆಗೊಳ್ಳುವ ಕೆಂಚಮ್ಮನ ಹೆಸರೇ ಕಾಂತಾಪುರದ ದೇವಿಗೂ ಇದೆ.

ಕಾದಂಬರಿಯ ಕೆಂಚಮ್ಮ ಮತ್ತು ಹೊಸಕೋಟೆಯ ಕೆಂಚಮ್ಮ ಒಂದೇ ಎಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಒಂದು ಕಲ್ಪಿತ ಊರಿನ ದೇವತೆ. ಇನ್ನೊಂದು ಜೀವಂತ ಕ್ಷೇತ್ರದ ದೈವ. ಇಲ್ಲಿ ನಡೆದಿರುವುದು ಕೃತಿಯ ಪರಿಶೀಲನೆ ಮಾತ್ರ. ನಂಬುವ ಮನಸ್ಸು ತನಗೆ ಎದುರಾಗುವ ಪ್ರತಿಕೂಲ ಸಾಕ್ಷ್ಯವನ್ನು ಹೇಗೆ ಎದುರಿಸುತ್ತದೆ, ಹಾಗೆ ಎದುರಿಸುವಾಗ ಅದರ ವೆಚ್ಚವನ್ನು ಯಾರು ಭರಿಸುತ್ತಾರೆ ಎಂಬ ಪ್ರಶ್ನೆಯನ್ನು ‘ಕಾಂತಾಪುರ’ ತನ್ನ ಮೊದಲ ಪುಟಗಳಲ್ಲಿಯೇ ಎತ್ತುತ್ತದೆ. ಕೊನೆಯ ಪುಟಗಳಲ್ಲಿ ಅದಕ್ಕೆ ಬೇರೊಂದು ಉತ್ತರವನ್ನು ತಲುಪುತ್ತದೆ ಎಂಬುದು ಇಲ್ಲಿಯ ವಾದ.

೨

ಕಾದಂಬರಿಯನ್ನು ನಿರೂಪಿಸುವವಳು ಅಚ್ಚಕ್ಕ ಎಂಬ ವೃದ್ಧೆ, ಬ್ರಾಹ್ಮಣ ವಿಧವೆ. ಊರನ್ನು ಪರಿಚಯಿಸುತ್ತ ಆಕೆ ದೇವಿಯ ಮಹಿಮೆಗೆ ಬರುತ್ತಾಳೆ. ಹಿಂದೊಮ್ಮೆ ಕೆಂಚಮ್ಮ ರಾಕ್ಷಸನೊಡನೆ ಕಾದಾಡಿದಳು, ಅವನ ನೆತ್ತರು ನೆಲಕ್ಕೆ ಇಂಗಿತು, ಗುಡ್ಡ ಕೆಂಪಾಯಿತು. ಇಷ್ಟು ಹೇಳಿ ಆಕೆ ಸುಮ್ಮನಾಗಬಹುದಿತ್ತು. ಸುಮ್ಮನಾಗದೆ ಪ್ರಮಾಣವನ್ನು ಮುಂದಿಡುತ್ತಾಳೆ. ಹಾಗಲ್ಲದಿದ್ದರೆ ಗುಡ್ಡದ ಮಣ್ಣು ತೊರೆಯವರೆಗೆ ಕೆಂಪಗಿದ್ದು, ತೊರೆ ದಾಟಿದೊಡನೆ ಕಪ್ಪು, ಕಂದು ಬಣ್ಣಕ್ಕೆ ತಿರುಗುವುದು ಹೇಗೆ ಎಂಬುದು ಅವಳ ಸವಾಲು.

ಈ ಮಾತನ್ನು ಮುಗ್ಧೆಯ ಪ್ರಲಾಪವೆಂದು ಬದಿಗೆ ಸರಿಸುವಂತಿಲ್ಲ. ಇದು ತರ್ಕದ ಮಾತು. ಕಣ್ಣೆದುರಿನ ಒಂದು ಸಂಗತಿಯನ್ನು ಆಕೆ ಸರಿಯಾಗಿಯೇ ಗಮನಿಸಿದ್ದಾಳೆ. ಈ ಸೀಮೆಯ ಗುಡ್ಡಗಳ ಮೇಲ್ಮೈಯಲ್ಲಿ ಕಬ್ಬಿಣದ ಅಂಶ ತುಕ್ಕುಹಿಡಿದು ಕೆಂಪಾದ ಮಣ್ಣಿದೆ. ನೀರು ನಿಲ್ಲುವ ತಗ್ಗಿನ ಗದ್ದೆಗಳಲ್ಲಿ ಕೊಳೆತ ಎಲೆ ಬೇರುಗಳು ಬೆರೆತ ಕಪ್ಪು ಮಣ್ಣಿದೆ. ಅಚ್ಚಕ್ಕನ ಅವಲೋಕನ ಸರಿ. ಕಾರಣ ಮಾತ್ರ ಬೇರೆ. ಇಂಗ್ಲಿಷ್ ಓದುಗನಿಗೆ ಸುಲಭವಾಗಿ ಕೇಳಿಸದ ಒಂದು ದನಿಯೂ ಇಲ್ಲಿದೆ. ‘ಕೆಂಚ’ ಎಂದರೆ ಕೆಂಬಣ್ಣದವನು. ಕೆಮ್ಮಣ್ಣಿನ ಗುಡ್ಡದ ದೇವಿಗೆ ಕೆಂಚಮ್ಮ ಎಂಬ ಹೆಸರು ಬಂದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಮಣ್ಣಿನ ಬಣ್ಣದಿಂದ ದೇವಿಗೆ ಹೆಸರು ಎಂಬ ಸಾಧ್ಯತೆ, ದೇವಿಯಿಂದ ಮಣ್ಣಿಗೆ ಬಣ್ಣ ಎಂಬ ನಿಶ್ಚಯವಾಗಿ ತಿರುಗಿ ನಿಲ್ಲುವ ಕ್ರಮವನ್ನು ಕನ್ನಡ ಬಲ್ಲವನು ಒಂದೇ ಹೆಸರಿನಲ್ಲಿ ಕಾಣಬಲ್ಲ. ಸ್ಥಳಪುರಾಣಗಳು ಹುಟ್ಟುವ ಬಗೆಯೇ ಬಹುಮಟ್ಟಿಗೆ ಇದು. ಇಂಥ ತಿರುವಿನಿಂದ ಯಾರಿಗೂ ಕೇಡಿಲ್ಲ. ಗುಡ್ಡ ಕೆಂಪಾಗಿದ್ದುದಕ್ಕೆ ಯಾವ ಮನುಷ್ಯನೂ ಹೊಣೆ ಹೊರಬೇಕಾಗಿಲ್ಲ.

ಅಚ್ಚಕ್ಕನ ತರ್ಕ ಮಣ್ಣನ್ನು ಬಿಟ್ಟು ಮನುಷ್ಯರ ಸಾವಿಗೆ ಬಂದಾಗ ಪರಿಸ್ಥಿತಿ ಬದಲಾಗುತ್ತದೆ. ಊರಿಗೆ ಸಿಡುಬು ಬಂದರೆ ಜಾತ್ರೆಯಲ್ಲಿ ಕೆಂಡ ಹಾಯುತ್ತೇವೆಂದು ಹರಕೆ ಹೊರುತ್ತಾರೆ, ಮಕ್ಕಳು ಗುಣವಾಗುತ್ತವೆ. ಒಬ್ಬ ವಿಧವೆಯ ಮಗು, ಒಬ್ಬ ಕುಡುಕ, ಇವರನ್ನು ಬಿಟ್ಟರೆ ಸತ್ತವರು ಯಾರು ಎಂದು ಆಕೆ ಕೇಳುತ್ತಾಳೆ. ಕಾಲರಾ ಬಂದಾಗ ದೇವಿಗೆ ಸೀರೆ, ಒಡವೆ ಒಪ್ಪಿಸಿದ್ದಾಯಿತು, ಬದುಕಬೇಕಾದವರು ಬದುಕಿದರು, ಮುದುಕರು ಹೇಗಿದ್ದರೂ ಸಾಯುವವರೇ. ಕ್ಷೌರಿಕನ ಹೆಂಡತಿ ಸಂಕಮ್ಮ ಎಳೆಯ ಪ್ರಾಯದಲ್ಲಿ ಸತ್ತಳಲ್ಲ ಎಂದು ನೀವು ಕೇಳಬಹುದು ಎಂದು ತಾನೇ ಊಹಿಸಿಕೊಂಡು, ಗಂಡ ಸತ್ತ ಹತ್ತು ತಿಂಗಳು ನಾಲ್ಕು ದಿನಗಳ ಮೇಲೆ ಅವಳಿಗೆ ಮಗು ಹುಟ್ಟಿತ್ತೆಂಬ ಲೆಕ್ಕವನ್ನು ಒಪ್ಪಿಸುತ್ತಾಳೆ. ಅಂಥವಳಿಗೆ ಅಕಾಲ ಮರಣ ಸಹಜವೆಂಬುದು ಅವಳ ತೀರ್ಮಾನ.

ಈ ಭಾಗದ ತರ್ಕರಚನೆಯನ್ನು ಬಿಡಿಸಿ ನೋಡಬೇಕು. ದೇವಿ ಕಾಪಾಡುತ್ತಾಳೆ ಎಂಬ ಹೇಳಿಕೆಗೆ ಗುಣವಾದ ಪ್ರತಿಯೊಬ್ಬರೂ ಸಾಕ್ಷಿ. ಸತ್ತವರು ವಿರುದ್ಧ ಸಾಕ್ಷಿಯಾಗಬೇಕಿತ್ತು. ಆದರೆ ಪ್ರತಿಯೊಂದು ಸಾವಿಗೂ ದೇವಿಯ ಹೊರಗೆ ಒಂದು ಕಾರಣ ದೊರೆಯುತ್ತದೆ. ಒಬ್ಬನಿಗೆ ಕುಡಿತ, ಒಬ್ಬರಿಗೆ ವಯಸ್ಸು, ಒಬ್ಬಳಿಗೆ ನಡತೆ. ಯಾವ ಸಂಗತಿ ನಡೆದರೂ ಹೇಳಿಕೆ ಅಲುಗುವುದಿಲ್ಲ. ಆಫ್ರಿಕದ ಅಜಾಂಡೆ ಜನರ ಮಾಟ ಮತ್ತು ಶಕುನಗಳನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ ೧೯೩೭ರಲ್ಲಿ, ಅಂದರೆ ‘ಕಾಂತಾಪುರ’ಕ್ಕೆ ಒಂದೇ ವರ್ಷ ಮೊದಲು, ಇಂಥದೇ ವ್ಯವಸ್ಥೆಯನ್ನು ವಿವರಿಸಿದ್ದ. ಶಕುನ ತಪ್ಪಿದರೆ ಅದಕ್ಕೆ ಬಳಸಿದ ವಿಷ ಕೆಟ್ಟಿತ್ತು, ವಿಧಿ ಮುರಿದಿತ್ತು ಎಂಬ ಉಪಕಾರಣಗಳು ಸಿದ್ಧವಾಗಿರುತ್ತವೆ. ಆ ಜನ ತರ್ಕಹೀನರಲ್ಲ, ಅವರ ತರ್ಕ ನಂಬಿಕೆಯ ಆವರಣದೊಳಗೆ ಸುಸಂಬದ್ಧವಾಗಿಯೇ ಇದೆ ಎಂದು ಅವನು ತೋರಿಸಿಕೊಟ್ಟ. ಅಚ್ಚಕ್ಕನಿಗೂ ಈ ಮಾತು ಸಲ್ಲುತ್ತದೆ.

ಇದಕ್ಕಿಂತ ಹಳೆಯದಾದ ಒಂದು ಪ್ರಸಂಗವನ್ನು ರೋಮಿನ ಸಿಸೆರೊ ದೇವತೆಗಳ ಸ್ವರೂಪವನ್ನು ಕುರಿತ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ನಾಸ್ತಿಕನೆಂದು ಹೆಸರಾಗಿದ್ದ ಗ್ರೀಕ್ ಕವಿ ಡಯಾಗೊರಸ್ ಸಮೊತ್ರಾಕೆ ದ್ವೀಪದ ದೇಗುಲಕ್ಕೆ ಬಂದಾಗ, ಹರಕೆ ಹೊತ್ತು ಬಿರುಗಾಳಿಯಿಂದ ಪಾರಾದವರು ಒಪ್ಪಿಸಿದ ಚಿತ್ರಫಲಕಗಳನ್ನು ಗೆಳೆಯನೊಬ್ಬ ತೋರಿಸಿದ. ಮುಳುಗಿ ಸತ್ತವರ ಚಿತ್ರಗಳು ಎಲ್ಲಿಯೂ ಇಲ್ಲವಲ್ಲ ಎಂಬ ಅರ್ಥ ಬರುವಂತೆ ಡಯಾಗೊರಸ್ ಉತ್ತರಿಸಿದ. ಹರಕೆಯ ಲೆಕ್ಕದಲ್ಲಿ ಜಮೆಯ ಬದಿ ಮಾತ್ರ ಬರೆಯಲ್ಪಡುತ್ತದೆ ಎಂಬುದು ಅವನ ಆಕ್ಷೇಪ. ಕಾಂತಾಪುರದಲ್ಲಿ ಸತ್ತವರು ಲೆಕ್ಕದಿಂದ ಬಿಟ್ಟುಹೋಗಿಲ್ಲ. ಅವರ ಹೆಸರುಗಳಿವೆ, ದಿನಗಳ ಎಣಿಕೆಯೂ ಇದೆ. ಎಲ್ಲವೂ ಅವರ ವಿರುದ್ಧವೇ ಬರೆಯಲ್ಪಟ್ಟಿವೆ. ಡಯಾಗೊರಸನ ಪ್ರಶ್ನೆಗಿಂತ ರಾಜಾರಾವ್ ಒಂದು ಹೆಜ್ಜೆ ಮುಂದೆ ಹೋಗಿರುವುದು ಇಲ್ಲಿ.

೩

ಈ ಹೆಜ್ಜೆಯಿಂದ ಪ್ರಶ್ನೆ ಜ್ಞಾನಮೀಮಾಂಸೆಯನ್ನು ದಾಟಿ ನೀತಿಗೆ ಬರುತ್ತದೆ. ದೇವಿಯ ಮಾನ ಉಳಿಯಲು ಯಾರದಾದರೂ ಮಾನ ಹೋಗಬೇಕು. ಹೋದ ಮಾನ ಯಾರದು ಎಂದು ಗಮನಿಸಿದರೆ ಊರಿನ ಶ್ರೇಣಿಯೇ ಎದುರಿಗೆ ನಿಲ್ಲುತ್ತದೆ: ವಿಧವೆಯ ಕೂಸು, ಕುಡುಕ, ಕ್ಷೌರಿಕನ ಹೆಂಡತಿ. ಜಮೀನು ಗಿಟ್ಟಿಸಿಕೊಂಡು ಬಡ್ಡಿ ವ್ಯವಹಾರ ನಡೆಸುವ ಪುರೋಹಿತ ಭಟ್ಟನ ಮನೆಯಲ್ಲಿ ಸಾವಾಗಿದ್ದರೆ ಅಚ್ಚಕ್ಕ ಇಷ್ಟು ಸಲೀಸಾಗಿ ಕಾರಣ ಹುಡುಕುತ್ತಿದ್ದಳೇ ಎಂಬ ಅನುಮಾನ ಓದುಗನಲ್ಲಿ ಮೂಡುವುದು ಸಹಜ. ಸ್ವತಃ ವಿಧವೆಯಾದ ನಿರೂಪಕಿ ಇನ್ನೊಬ್ಬ ವಿಧವೆಯ ಬಸಿರಿನ ದಿನಗಳನ್ನು ಎಣಿಸುವುದು ಈ ಭಾಗದ ಅತ್ಯಂತ ಕಠೋರವಾದ ಸಂಗತಿ.

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ ೧೮೭೭ರಲ್ಲಿ ಬರೆದ ನಂಬಿಕೆಯ ನೀತಿಯನ್ನು ಕುರಿತ ಪ್ರಬಂಧ ಇಲ್ಲಿ ನೆನಪಿಗೆ ಬರುತ್ತದೆ. ಅದರಲ್ಲಿ ಒಬ್ಬ ಹಡಗಿನ ಒಡೆಯನಿದ್ದಾನೆ. ಹಡಗು ಹಳೆಯದು ಎಂಬ ಸಂಶಯ ಬಂದರೂ, ಇಷ್ಟು ಯಾನ ಮುಗಿಸಿದೆ, ದೇವರು ಕಾಯುತ್ತಾನೆ ಎಂದು ಮನಸ್ಸನ್ನು ಒಪ್ಪಿಸಿಕೊಳ್ಳುತ್ತಾನೆ. ಹಡಗು ಮುಳುಗುತ್ತದೆ. ಅವನ ನಂಬಿಕೆ ಪ್ರಾಮಾಣಿಕವಾಗಿತ್ತೆಂಬುದು ಸಮರ್ಥನೆಯಾಗಲಾರದು, ಏಕೆಂದರೆ ಆ ನಂಬಿಕೆಗೆ ಅವನು ಬಂದದ್ದು ಸಂಶಯವನ್ನು ಅದುಮಿ ಎಂಬುದು ಕ್ಲಿಫರ್ಡನ ವಾದ. ಸತ್ತವರು ಒಡೆಯನಲ್ಲ, ಪ್ರಯಾಣಿಕರು. ಅಚ್ಚಕ್ಕ ಹಡಗಿನ ಒಡೆಯನಷ್ಟು ಸ್ವಾರ್ಥಿಯಲ್ಲ. ಆಕೆಗೆ ಇದರಿಂದ ಯಾವ ಲಾಭವೂ ಇಲ್ಲ. ಆದರೂ ಅವಳ ಸಮಾಧಾನದ ಬೆಲೆಯನ್ನು ಬೇರೆಯವರು ತೆರುತ್ತಿದ್ದಾರೆ ಎಂಬ ಅಂಶದಲ್ಲಿ ಇಬ್ಬರಿಗೂ ಸಾಮ್ಯವಿದೆ.

ಹಾಗಾದರೆ ಕೃತಿಯ ನಿಲುವೇನು? ಲೇಖಕರೇ ಅಚ್ಚಕ್ಕನ ಮಾತನ್ನು ಅನುಮೋದಿಸುತ್ತಿದ್ದಾರೆಯೇ? ನಿರೂಪಣೆಯ ಒಂದು ಲಕ್ಷಣ ಇದಕ್ಕೆ ಉತ್ತರ ಕೊಡುತ್ತದೆ. ಅಚ್ಚಕ್ಕನ ಎದುರಿಗೆ ಯಾರೋ ಕುಳಿತಿದ್ದಾರೆ. ಆ ಕೇಳುಗನಿಗೆ ಹೆಸರಿಲ್ಲ, ಮಾತಿಲ್ಲ. ‘ನೀವು ಹೀಗೆ ಹೇಳಬಹುದು’ ಎಂಬ ಅವಳ ಪೀಠಿಕೆಗಳಿಂದ ಮಾತ್ರ ಅವನ ಇರವು ನಮಗೆ ತಿಳಿಯುತ್ತದೆ. ಸಂಕಮ್ಮನ ಸಾವನ್ನು ಮರೆಯದೆ ನೆನಪಿಸುವವನು ಅವನೇ. ಅಥವಾ ಅವನ ರೂಪದಲ್ಲಿರುವ ಅವಳದೇ ಅಂತಃಸಾಕ್ಷಿ. ಸಂಶಯವಾದಿಯನ್ನು ರಾಜಾರಾವ್ ಪಾತ್ರವಾಗಿ ತಂದು ವಾದಕ್ಕೆ ಹಚ್ಚಿಲ್ಲ. ಭಕ್ತೆಯ ಮಾತಿನ ಹೆಣಿಗೆಯೊಳಗೇ ಅವನನ್ನು ಕೂರಿಸಿದ್ದಾರೆ. ಯಾರೂ ಕೇಳದ ಪ್ರಶ್ನೆಗೆ ಆಕೆ ಉತ್ತರಿಸುತ್ತಿದ್ದಾಳೆಂದರೆ, ಪ್ರಶ್ನೆ ಅವಳಿಗೆ ಗೊತ್ತಿದೆ ಎಂದೇ ಅರ್ಥ.

೪

ನಂಬಿಕೆಯೊಡನೆ ಪ್ರಾಮಾಣಿಕವಾಗಿ ವ್ಯವಹರಿಸುವ ಇನ್ನೊಂದು ಬಗೆಯನ್ನು ಕಾದಂಬರಿ ಮೂರ್ತಿಯ ಮೂಲಕ ಪರೀಕ್ಷಿಸುತ್ತದೆ. ಗಾಂಧೀಜಿಯ ಅನುಯಾಯಿಯಾಗಿ ಊರಿಗೆ ಮರಳಿದ ಈ ಬ್ರಾಹ್ಮಣ ಯುವಕ ಕಾಂಗ್ರೆಸ್ ಕೆಲಸಕ್ಕಾಗಿ ಹೊಲೆಯರ ಕೇರಿಗೆ ಹೋಗುತ್ತಾನೆ. ಸ್ವಾಮಿಗಳ ಬಹಿಷ್ಕಾರದ ಸುದ್ದಿಯಿಂದ ನೊಂದ ತಾಯಿ ನರಸಮ್ಮ ಸಾಯುತ್ತಾಳೆ. ಅಷ್ಟಾದ ಮೇಲೂ ಅವನು ರಾಚಣ್ಣನ ಮನೆಯೊಳಗೆ ಮೊದಲ ಬಾರಿ ಕಾಲಿಡುವಾಗ ಅವನ ಮೈ ನಡುಗುತ್ತದೆ. ಕೊಟ್ಟ ಹಾಲನ್ನು ತುಟಿಗೆ ಸೋಕಿಸಿ ಕೆಳಗಿಡುತ್ತಾನೆ. ಹಿಂದಿರುಗಿದ ಮೇಲೆ ರಂಗಮ್ಮನ ಮಾತಿನಂತೆ ಸ್ನಾನ ಮಾಡುತ್ತಾನೆ. ಜನಿವಾರ ಬದಲಿಸಲು ಒಪ್ಪುವುದಿಲ್ಲ; ದಿನವೂ ಹೋಗಬೇಕಾದಲ್ಲಿಗೆ ದಿನವೂ ಜನಿವಾರ ಬದಲಿಸಲಾದೀತೇ ಎಂಬುದು ಅವನ ಪ್ರಶ್ನೆ. ಕೊನೆಗೆ ಒಂದು ಚಮಚ ಗಂಗಾಜಲದ ರಾಜಿಗೆ ಬರುತ್ತಾನೆ.

ಬುದ್ಧಿ ತೊರೆದ ನಂಬಿಕೆಯನ್ನು ದೇಹ ತೊರೆದಿಲ್ಲ ಎಂಬ ಸತ್ಯವನ್ನು ಈ ಸನ್ನಿವೇಶ ಮುಚ್ಚಿಡದೆ ಹೇಳುತ್ತದೆ. ಸುಧಾರಕನನ್ನು ವೀರನನ್ನಾಗಿ ಚಿತ್ರಿಸುವ ಆಸೆ ಆ ಕಾಲದ ಲೇಖಕನಿಗೆ ಪ್ರಬಲವಾಗಿಯೇ ಇದ್ದಿರಬೇಕು. ಶಿವಪುರದ ಧ್ವಜ ಸತ್ಯಾಗ್ರಹ ಮತ್ತು ವಿದುರಾಶ್ವತ್ಥದ ಗೋಲೀಬಾರು ನಡೆದ ೧೯೩೮ರಲ್ಲಿಯೇ ಈ ಕೃತಿ ಪ್ರಕಟವಾಯಿತೆಂಬುದನ್ನು ನೆನೆದರೆ ಲೇಖಕರ ಸಂಯಮ ಮೆಚ್ಚತಕ್ಕದ್ದಾಗಿದೆ. ಮೂವತ್ತೈದು ವರ್ಷಗಳ ನಂತರ ‘ಭಾರತೀಪುರ’ದ ಜಗನ್ನಾಥ ಸಾಲಿಗ್ರಾಮವನ್ನು ಹೊಲೆಯರ ಕೈಯಿಂದ ಮುಟ್ಟಿಸಲು ಹೊರಟು ಎದುರಿಸುವ ಬಿಕ್ಕಟ್ಟಿನ ಮೊದಲ ರೂಪ ಇಲ್ಲಿಯೇ ಇದೆ. ಇಬ್ಬರ ನಡುವೆ ವ್ಯತ್ಯಾಸವೂ ಇದೆ. ಜಗನ್ನಾಥ ತನ್ನ ಬಿಡುಗಡೆಯ ಪ್ರಯೋಗದಲ್ಲಿ ಇತರರನ್ನು ತೊಡಗಿಸುತ್ತಾನೆ. ಭಯದಿಂದ ನಡುಗುವ ಹೊಲೆಯರೆದುರು ಅವನ ವಿಚಾರವಾದವೇ ಒಂದು ಕ್ಷಣ ಹಿಂಸೆಯಾಗುತ್ತದೆ. ಮೂರ್ತಿ ನಡುಕವನ್ನು ತಾನೇ ಅನುಭವಿಸುತ್ತಾನೆ. ಅಚ್ಚಕ್ಕನ ನಂಬಿಕೆಯಾಗಲಿ ಜಗನ್ನಾಥನ ಅಪನಂಬಿಕೆಯಾಗಲಿ, ಅದರ ಬೆಲೆಯನ್ನು ಇನ್ನೊಬ್ಬರ ಮೇಲೆ ಹೊರಿಸಿದಾಗ ಎರಡೂ ಒಂದೇ ಬಗೆಯ ತಪ್ಪನ್ನು ಮಾಡುತ್ತವೆ.

೫

ಈ ಓದಿಗೆ ಒಂದು ಬಲವಾದ ಆಕ್ಷೇಪವಿದೆ. ಹಳ್ಳಿಯ ಜನರ ನಂಬಿಕೆಯನ್ನು ಸಾಕ್ಷ್ಯ, ಪ್ರಮಾಣಗಳ ತಕ್ಕಡಿಯಲ್ಲಿ ತೂಗುವುದೇ ತಪ್ಪು. ಅದು ಜೀವನಕ್ರಮ, ಹೇಳಿಕೆಯಲ್ಲ ಎಂಬುದು ಆ ವಾದ. ೧೯೮೬ರಲ್ಲಿ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಬೆತ್ತಲೆಸೇವೆಯನ್ನು ತಡೆಯಹೋದವರ ಮೇಲೆ ಹಲ್ಲೆ ನಡೆದ ಬಳಿಕ ಅನಂತಮೂರ್ತಿಯವರು ಬರೆದ ಪ್ರಬಂಧ ಈ ವಾದವನ್ನು ಆಳವಾಗಿ ಮಂಡಿಸಿದೆ. ರೈತನೊಬ್ಬನ ಗುಡಿಸಲಿನ ಕುಂಕುಮ ಹಚ್ಚಿದ ಕಲ್ಲನ್ನು ಚಿತ್ರ ತೆಗೆಯಲೆಂದು ಬೆಳಕಿಗೆ ತಂದ ಕಲಾವಿದ ಕ್ಷಮೆ ಕೇಳಿದಾಗ, ಇನ್ನೊಂದು ಕಲ್ಲು ತಂದು ಕುಂಕುಮ ಹಚ್ಚಿದರಾಯಿತು ಎಂದು ಆ ರೈತ ಹೇಳುವ ಪ್ರಸಂಗ ಅದರಲ್ಲಿ ಬರುತ್ತದೆ. ಆ ರೈತನ ನಂಬಿಕೆಗೆ ಕಲ್ಲಿನ ಬಗೆಗಿನ ಯಾವ ವಾಸ್ತವ ಹೇಳಿಕೆಯೂ ಬೇಕಿಲ್ಲ. ಅದನ್ನು ಸುಳ್ಳೆಂದು ತೋರಿಸುವ ಬಗೆಯೂ ಇಲ್ಲ.

ಈ ಮಾತಿನ ಘನತೆಯನ್ನು ಒಪ್ಪುತ್ತಲೇ ಒಂದು ವಿವೇಚನೆ ಮಾಡಬೇಕಾಗುತ್ತದೆ. ರೈತನ ಕಲ್ಲು ಯಾರ ಮೇಲೂ ತೀರ್ಪು ಕೊಡುವುದಿಲ್ಲ. ಸಂಕಮ್ಮನ ಮೇಲೆ ಕೊಟ್ಟ ತೀರ್ಪು ವಾಸ್ತವದ ಹೇಳಿಕೆ: ಅವಳು ಸತ್ತದ್ದು ಕಾಲರಾದಿಂದಲ್ಲ, ನಡತೆಯಿಂದ ಎಂಬ ಹೇಳಿಕೆ. ನಂಬಿಕೆ ತಾನೇ ಕಾರ್ಯಕಾರಣಗಳ ಅಂಗಳಕ್ಕೆ ಇಳಿದ ಮೇಲೆ ಅಲ್ಲಿಯ ಪರೀಕ್ಷೆಗೆ ಒಳಪಡಬೇಕು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು ೧೯೭೬ರಲ್ಲಿ ರಚಿಸಿದ ಸಮಿತಿ ಪವಾಡಗಳನ್ನು ಪರೀಕ್ಷಿಸಲು ಹೊರಟದ್ದು ಈ ತತ್ತ್ವದ ಮೇಲೆಯೇ. ಆ ಸಮಿತಿಯ ಗಮನವಿದ್ದದ್ದು ನಡೆದ ಪವಾಡದ ಕಡೆಗೆ. ನಡೆಯದೆ ಹೋದ ಪವಾಡಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಅದಕ್ಕಿಂತ ಸೂಕ್ಷ್ಮವಾದುದು. ಅದನ್ನು ಸಾಹಿತ್ಯವೇ ಕೇಳಬೇಕಾಗುತ್ತದೆ. ಮೂರ್ತಿರಾಯರು ತಮ್ಮ ಇಳಿವಯಸ್ಸಿನಲ್ಲಿ ‘ದೇವರು’ ಗ್ರಂಥದಲ್ಲಿ, ನಿರಪರಾಧಿಗಳ ದುಃಖವನ್ನು ಮುಂದಿಟ್ಟುಕೊಂಡು ದಯಾಮಯನೂ ಸರ್ವಶಕ್ತನೂ ಆದ ದೇವರನ್ನು ಪ್ರಶ್ನಿಸಿದ್ದು ಈ ದಿಕ್ಕಿನ ಸ್ಪಷ್ಟವಾದ ವೈಚಾರಿಕ ಪ್ರಯತ್ನ. ದುಃಖಕ್ಕೆ ದುಃಖಿಯನ್ನೇ ಹೊಣೆ ಮಾಡುವ ಸುಲಭ ಮಾರ್ಗ ಅವರಿಗೆ ಒಪ್ಪಿಗೆಯಾಗಲಿಲ್ಲ.

ಸಿಡುಬಿನ ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. ಭಾರತದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು ೧೯೭೫ರಲ್ಲಿ. ೧೯೮೦ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಲಸಿಕೆ ವಿಧವೆಯ ಮಗುವನ್ನೂ ಕುಡುಕನನ್ನೂ ಬೇರೆಯವರಿಂದ ಪ್ರತ್ಯೇಕಿಸಿ ನೋಡಲಿಲ್ಲ. ಜಾತ್ರೆಗಳು ನಿಲ್ಲಲಿಲ್ಲ, ನೀರುಕೋಟಲೆಯನ್ನು ಇಂದಿಗೂ ‘ಅಮ್ಮ’ ಎಂದೇ ಕರೆಯುವ ಮನೆಗಳಿವೆ. ಭಕ್ತಿಗೆ ಬದುಕಲು ಸಂಕಮ್ಮನ ಅಪರಾಧ ಅಗತ್ಯವಾಗಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

೬

ಕಾದಂಬರಿಯ ಅಂತ್ಯಕ್ಕೆ ಬಂದಾಗ ಕಾಂತಾಪುರವೇ ಉಳಿದಿಲ್ಲ. ಸತ್ಯಾಗ್ರಹದಲ್ಲಿ ಗುಂಡೇಟು, ಲಾಠಿ, ಸೆರೆ, ಬೆಂಕಿ ಎಲ್ಲವನ್ನೂ ಕಂಡ ಊರು ಬರಿದಾಗಿದೆ. ಹೊಲಗದ್ದೆಗಳು ಮುಂಬಯಿಯವರ ಪಾಲಾಗಿವೆ. ಬದುಕುಳಿದ ಹೆಂಗಸರು ಕಾಶಿಪುರದಲ್ಲಿ ಆಶ್ರಯ ಪಡೆದಿದ್ದಾರೆ. ಸಿಡುಬು, ಕಾಲರಾಗಳಿಗಿಂತ ದೊಡ್ಡ ವಿಪತ್ತು ಇದು. ಕೆಂಚಮ್ಮನಿಗೆ ಮೊರೆಯಿಡುವುದರಲ್ಲಿ ಯಾರೂ ಕಡಮೆ ಮಾಡಿರಲಿಲ್ಲ. ಅಚ್ಚಕ್ಕನ ಹಳೆಯ ತರ್ಕ ಅನ್ವಯವಾಗಿದ್ದರೆ ಸತ್ತವರಲ್ಲಿ, ಸೆರೆಯಾದವರಲ್ಲಿ ಏನಾದರೊಂದು ದೋಷ ಸಿಗಬೇಕಿತ್ತು.

ಅವಳು ಹುಡುಕುವುದಿಲ್ಲ. ಇಲ್ಲಿಯೂ ಆ ಹೆಸರಿಲ್ಲದ ಕೇಳುಗನನ್ನು ಎದುರಿಗಿಟ್ಟುಕೊಂಡೇ ಮಾತನಾಡುತ್ತಾಳೆ. ಅದು ಹೋಯಿತು, ಇದು ಹೋಯಿತು ಎಂದು ನೀವು ಹೇಳುವಿರಿ ಎನ್ನುತ್ತಾಳೆ. ಆ ಮಾತನ್ನು ಅಲ್ಲಗಳೆಯುವುದಿಲ್ಲ. ಕೆಂಚಮ್ಮನ ಕ್ಷಮೆ ಬೇಡಿ, ತಮ್ಮ ಎದೆಯೊಳಗೆ ಏನೋ ಒಂದು ತುಂಬಿದೆ, ಗೌರಿಹಬ್ಬದ ರಾತ್ರಿ ಹಿಮವತಿಯ ಮೇಲೆ ತೇಲಿಬರುವ ದೀಪಗಳ ಸಮೃದ್ಧಿಯಂಥದು ಎಂಬರ್ಥದ ಮಾತು ಹೇಳುತ್ತಾಳೆ. ದೇವಿ ಕಾಪಾಡಿದಳು ಎಂಬ ಹೇಳಿಕೆ ಈಗ ಇಲ್ಲ. ಕಾಪಾಡದಿದ್ದುದಕ್ಕೆ ಕಾರಣಗಳ ಪಟ್ಟಿಯೂ ಇಲ್ಲ. ಮೊದಲ ಪುಟಗಳಲ್ಲಿ ಸಂಶಯಕ್ಕೆ ಉತ್ತರ ಕೊಡಲು ಸತ್ತ ಹೆಣ್ಣೊಬ್ಬಳ ಚಾರಿತ್ರ್ಯ ಬೇಕಾಗಿತ್ತು. ಕೊನೆಯಲ್ಲಿ ನಷ್ಟವನ್ನು ನಷ್ಟವೆಂದೇ ಒಪ್ಪಿ, ಅದರ ಪಕ್ಕದಲ್ಲಿ ತನ್ನ ಅನುಭವವನ್ನು ಇಡುವುದು ಅವಳಿಗೆ ಸಾಧ್ಯವಾಗಿದೆ.

ಈ ಬದಲಾವಣೆಯನ್ನು ಉತ್ಪ್ರೇಕ್ಷಿಸಬಾರದು. ಅಚ್ಚಕ್ಕ ನಾಸ್ತಿಕಳಾಗಿಲ್ಲ. ಮಹಾತ್ಮ ಸ್ವರಾಜ್ಯ ತರುತ್ತಾನೆ, ವನವಾಸ ಮುಗಿಸಿ ರಾಮ ಹಿಂದಿರುಗುತ್ತಾನೆ ಎಂದು ಪುರಾಣದ ಭಾಷೆಯಲ್ಲಿಯೇ ಆಕೆ ಕನಸು ಕಾಣುತ್ತಾಳೆ. ಅದೇ ಹೊತ್ತಿಗೆ ಮೂರ್ತಿ ರತ್ನಳಿಗೆ ಬರೆದ ಪತ್ರದಲ್ಲಿ ಗಾಂಧಿಮಾರ್ಗವನ್ನು ಕುರಿತೇ ಸಂಶಯ ತೋರಿ, ನೆಹರೂ ಹೇಳುವ ಸಮಪಾಲಿನ ಕಡೆಗೆ ವಾಲಿದ್ದಾನೆ. ಸಂಕಮ್ಮನ ಬಗೆಗೆ ಆಡಿದ ಮಾತನ್ನೂ ಅಚ್ಚಕ್ಕ ಹಿಂತೆಗೆದುಕೊಳ್ಳುವುದಿಲ್ಲ. ಅವಳ ಹೆಸರು ಕೊನೆಯಲ್ಲಿ ಬರುವುದೇ ಇಲ್ಲ. ಕೃತಿಯ ಮಿತಿಯೊಂದನ್ನು ಗುರುತಿಸಬೇಕಾದರೆ ಅದು ಇಲ್ಲಿದೆ: ವಿಪತ್ತು ತನ್ನ ಕೇರಿಯನ್ನು, ತನ್ನವರನ್ನು ತಟ್ಟಿದ ಮೇಲೆಯೇ ನಿರೂಪಕಿಗೆ ಹಳೆಯ ಲೆಕ್ಕ ಅಸಾಧ್ಯವಾಯಿತು. ಕ್ಷೌರಿಕನ ಮನೆಯ ಸಾವು ಅದಕ್ಕೆ ಸಾಕಾಗಿರಲಿಲ್ಲ.

ಆದರೂ ಈ ಮಿತಿಯ ಒಳಗೇ ‘ಕಾಂತಾಪುರ’ ನಮ್ಮ ನಂಬಿಕೆ-ಸಂಶಯಗಳ ಚರ್ಚೆಗೆ ಬೆಲೆಯುಳ್ಳದ್ದನ್ನು ಕೊಟ್ಟಿದೆ. ನಂಬುವವರು, ನಂಬದವರು ಎಂಬ ಎರಡು ಪಾಳೆಯಗಳ ನಡುವೆ ನಮ್ಮ ವಾದಗಳು ಸಾಮಾನ್ಯವಾಗಿ ನಡೆಯುತ್ತವೆ. ಒಬ್ಬ ನಂಬುವವಳ ಎರಡು ಉತ್ತರಗಳ ನಡುವಣ ಅಂತರವನ್ನು ರಾಜಾರಾವ್ ಅಳೆದಿದ್ದಾರೆ. ಕೊನೆಯಲ್ಲಿ ಊರಿಗೆ ಹೋಗಿಬಂದ ರಂಗೇಗೌಡ ಹಿಮವತಿಯ ನೀರನ್ನು ಬೊಗಸೆಯಲ್ಲಿ ಕುಡಿದು, ಕೆಂಚಮ್ಮನಿಗೂ ಶಿವನಿಗೂ ಕೈಮುಗಿದು ತಿರುಗಿದೆವು ಎನ್ನುತ್ತಾನೆ. ನಿಜ ಹೇಳಬೇಕೆಂದರೆ ತನ್ನ ಎದೆ ತಮಟೆಯಂತೆ ಬಡಿದುಕೊಂಡಿತು ಎಂದೂ ಸೇರಿಸುತ್ತಾನೆ. ಪಾಳುಬಿದ್ದ ಊರಿನ ಎದುರು ಕೈಮುಗಿದವನ ಬಾಯಿಂದ ಬಂದ ಈ ಮಾತಿನೊಂದಿಗೆ ಕಾದಂಬರಿ ಮುಗಿಯುತ್ತದೆ. ಸತ್ತವರಲ್ಲಿ ಯಾರ ತಪ್ಪನ್ನೂ ಅವನು ಎಣಿಸುವುದಿಲ್ಲ.